ಹೆಪ್ಪು

ಬೆಳಿಗ್ಗೆ ಆರೂವರೆಗೆ ಲಾರಿ ಬರುತ್ತದೆ ಮಾರ್ಕೆಟ್ಟಿನಿಂದ:
ನಿನ್ನೆ ಮಾರಾಟವಾಗದ ಸೇವಂತಿಗೆ, ಬಾಳೆದಿಂಡು,
ಯಾರದೋ ಮದುವೆಯಲ್ಲಿ ಮಿಕ್ಕ ಅನ್ನ.
ಜಕ್ಕೂರಿನ ನಮ್ಮ ನರ್ಸರಿಯ ಬೇಲಿಯಂಚಿಗೆ
ಸುರಿದು ಹೋಗುತ್ತಾನೆ ಡ್ರೈವರು
ಮೂಗಿಗೆ ಕರ್ಚೀಫು ಕಟ್ಟಿಕೊಂಡು.
ನನಗೆ ಕರ್ಚೀಫು ಬೇಡ.
ಹನ್ನೊಂದು ವರ್ಷವಾಯಿತು.

ರಾಶಿ ಒಳಗೊಳಗೇ ಕಾಯುತ್ತದೆ.
ಚಳಿಗಾಲದಲ್ಲಿ ನಾವು ಬುತ್ತಿ ಡಬ್ಬಿಗಳನ್ನು
ಗೋಣಿಯಲ್ಲಿ ಸುತ್ತಿ ಅದರ ಪಕ್ಕೆಗೆ ಹೂತಿಡುತ್ತೇವೆ,
ಮಧ್ಯಾಹ್ನಕ್ಕೆ ಮುದ್ದೆ ಬಿಸಿಬಿಸಿ.
ಮಗುಚಿ, ನೀರು ಚಿಮುಕಿಸಿ, ಮತ್ತೆ ಮಗುಚಿ
ಮೂರು ತಿಂಗಳಿಗೆ ಜರಡಿ ಹಿಡಿದರೆ
ಸಿಗುತ್ತವೆ: ಸ್ಟೀಲ್ ಚಮಚ, ಸಿಮ್ ಕಾರ್ಡು,
ಒಮ್ಮೆ ಒಂಟಿ ಕಾಲುಂಗುರ.
ಕೆಳಗೆ ಬಿದ್ದದ್ದು ಮಾತ್ರ ಗೊಬ್ಬರ.
ಕಾಡಿನ ವಾಸನೆ ಅನ್ನುತ್ತಾರೆ ಬಂದವರು.
ನಾನು ಕಾಡು ನೋಡಿದವಳಲ್ಲ, ಇದ್ದರೂ ಇರಬಹುದು.

ತಸ್ನೀಮ್ ಮೇಡಂ ತಂದದ್ದು ಇನ್ನೊಂದು.
ಇದ್ದಿಲ ಪುಡಿಯಂಥ ಕಪ್ಪು, ಅರ್ಧ ಕೇಜಿ ಪ್ಯಾಕೆಟ್ಟು.
"ಒಂದು ಚಿಟಿಕೆಯಲ್ಲಿ ಕೋಟಿ ಜೀವ ಇದಾವೆ ಪಿಳ್ಳಮ್ಮ,
ಬಿಸಿಲು ತಾಗಿಸಬೇಡಿ, ಸಾಯ್ತವೆ."
ಅದರ ಹೆಸರಿಗೆ ನನ್ನ ನಾಲಗೆ ಹೊರಳಲಿಲ್ಲ.
ಬೆಲ್ಲದ ನೀರಲ್ಲಿ ಕಲಸಿ, ಹೊಂಗೆಬೀಜ ಹೊರಳಿಸಿ,
ನೆರಳಲ್ಲಿ ಗೋಣಿಯ ಮೇಲೆ ಹರವಿದಾಗ
ತಾನಾಗಿ ಬಂತು ಬಾಯಿಗೆ: ಹೆಪ್ಪು.

ಶ್ರೀರಾಂಪುರದ ವಠಾರದಲ್ಲಿ ಹನ್ನೆರಡು ಮನೆಗೆ
ಒಂದೇ ಮೊಸರು ಓಡಾಡುತ್ತಿತ್ತು.
ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಕಣೇ
ಎಂದು ಬಯ್ಯುತ್ತಲೇ ಅಂಬುಜಮ್ಮ
ಬಾಗಿಲ ಸಂದಿಯಿಂದ ಚಾಚುತ್ತಿದ್ದಳು ಚಮಚ.
ಬೆಳಗಾದರೆ ನನ್ನ ಪಾತ್ರೆಯಲ್ಲಿ
ಅವಳ ಮನೆಯದೇ ಹುಳಿ.

ಎರಡು ಸಾಲು, ಸಾಲಿಗೆ ನಲವತ್ತು ಚೀಲ.
ಒಂದಕ್ಕೆ ಗೊಬ್ಬರ, ಹೆಪ್ಪು, ಎಲ್ಲ.
ಇನ್ನೊಂದಕ್ಕೆ ಏನೂ ಇಲ್ಲ.
ಅದರ ಮಣ್ಣನ್ನು ಲ್ಯಾಬಿನ ದೊಡ್ಡ ಕುಕ್ಕರಿನಲ್ಲಿಟ್ಟು
ಒಂದು ಹುಳವೂ ಉಳಿಯದಂತೆ ಬೇಯಿಸಿದ್ದರು.
"ಇದು ಕಂಟ್ರೋಲು" ಅಂದರು ಮೇಡಂ.
ನಮ್ಮಜ್ಜಿ ಅನ್ನುತ್ತಿದ್ದ ಕಂಟ್ರೋಲು ಬೇರೆ,
ಕಲ್ಲು ಆರಿಸಿ ಮುಗಿಯದ ಅಕ್ಕಿ ಕೊಡುವ ಅಂಗಡಿ.
ಇದು ಅದಕ್ಕಿಂತ ಕಡೆ.
ಬೆಂದ ಕಾಳಿನ ಊರು ಅಂತಾರಲ್ಲ ಇದನ್ನ,
ಮಣ್ಣೂ ಬೇಯಿಸಿದರೆ
ಮೊಳೆಯಬೇಕಾದದ್ದು ಎಲ್ಲಿಗೆ ಹೋಗಬೇಕು?

ಮೊಳೆತವು, ಪಾಪ. ಹೊಂಗೆ ಹಟಮಾರಿ.
ಆದರೆ ಮಂಗಳವಾರ ಮಂಗಳವಾರ ಸ್ಕೇಲು ಹಿಡಿದಾಗ
ಆ ಸಾಲು ಗೇಣೂ ದಾಟಿರಲಿಲ್ಲ,
ಎಲೆ ಹಳದಿ, ಉಪವಾಸದ ಕಣ್ಣಿನ ಹಾಗೆ.
ಈಚೆ ಸಾಲು ಮೊಣಕಾಲು ಮುಟ್ಟಿ
ಮೇಲೆ ಹಾರುವ ಪುಟ್ಟ ವಿಮಾನಗಳನ್ನು ನೋಡುತ್ತಿತ್ತು.

ಹದಿನೇಳನೆಯ ಚೀಲ.
ಅದೇ ಯಾಕೆ ಅಂತ ಕೇಳಬೇಡಿ.
ನೀರು ಹಾಕಲು ಬಗ್ಗಿದೆ, ಕೈಯಲ್ಲಿ ಪಕ್ಕದ ಸಾಲಿನ ಮಣ್ಣಿತ್ತು,
ತೊಳೆದುಕೊಳ್ಳಬೇಕಿತ್ತು.
ದೀಪ ಹಚ್ಚುವ ಹೊತ್ತು ಬೇರೆ.

ನಾಲ್ಕನೆಯ ತಿಂಗಳು ಬಕೆಟ್ಟಿನಲ್ಲಿ ಬೇರು ಜಾಲಿಸಿ
ಮೇಡಂ ಗಂಟು ಎಣಿಸಿದರು.
ಕಂಟ್ರೋಲು ಸಾಲಿಗೆ ಸೊನ್ನೆ, ಸೊನ್ನೆ, ಸೊನ್ನೆ,
ಹದಿನೇಳಕ್ಕೆ ಇಪ್ಪತ್ತೊಂದು.
ಒಂದನ್ನು ಬ್ಲೇಡಿನಲ್ಲಿ ಸೀಳಿದರು,
ಒಳಗೆ ಕೆಂಪು,
ಬೆರಳು ಕೊಯ್ದುಕೊಂಡರೆ ಕಾಣುವಂಥ ಕೆಂಪು.
"ಇದು ಹೇಗೆ?"
ಗಾಳಿಗೆ ಬಂದಿರಬೇಕು ಅಂದೆ.
ಅವರು ನನ್ನ ಉಗುರು ನೋಡಿದರು.
"ಗಾಳಿಗೆ ಬೆರಳಿರ್ತಾವಾ ಪಿಳ್ಳಮ್ಮ?"
ನಗಲಿಲ್ಲ. ಬಯ್ಯಲೂ ಇಲ್ಲ.
ಪಟ್ಟಿಯಲ್ಲಿ ಆ ಗೆರೆ ಹೊಡೆದುಹಾಕಿ
"ಲೆಕ್ಕಕ್ಕಿಲ್ಲದ್ದು ಇಲ್ಲಿರಬಾರದು, ತಗೊಂಡು ಹೋಗಿ" ಅಂದರು.

ಬೇರಿಗೆ ಗೊಬ್ಬರ ಮೆತ್ತಿ, ಒದ್ದೆ ಗೋಣಿ ಸುತ್ತಿ,
ಸಂಜೆ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೆ.
ಎಲ್ಲಿ ನೆಡುವುದೆಂದು ಹೆಬ್ಬಾಳದವರೆಗೂ ಯೋಚನೆ.
ವಠಾರ ಈಗಿಲ್ಲ, ಅಂಬುಜಮ್ಮ ಇಲ್ಲ,
ಗೋಡೆ ಮೂಲೆಯ ಮೋರಿಯ ಪಕ್ಕ
ಒಂದು ಮೊಳ ಮಣ್ಣು ಉಳಿದಿದ್ದೀತು.
"ಒಬ್ಬರೇನಾ?" ಅಂದ ಕಂಡಕ್ಟರು ಫ್ರೀ ಟಿಕೆಟ್ಟು ಹರಿಯುತ್ತ.
ಹೂಂ ಅಂದೆ.
ಆ ದಿನ ಅದು ಎರಡನೆಯ ಸುಳ್ಳು.